ಒಳಗಿಂದ ಎಡಗೈ, ಹೊರಗಿಂದ ಬಲಗೈ

"ಕೈ ತೋರ್ಸು," ಅಂದಳು ಸುರೇಖಾ.

ಹುಲಗಮ್ಮ ಎರಡೂ ಕೈ ಚಾಚಿದಳು. ಉಗುರು ಕತ್ತರಿಸಿಕೊಂಡಿದ್ದಳು, ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಬೆರಳ ತುದಿಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಪ್ರತಿ ಭಾನುವಾರ ಇದೇ ಹಾಡು. ಈ ಹುಡುಗಿ ನುಡಿಸಿ ಎದ್ದ ಮೇಲೆ ಪಿಯಾನೊದ ಕರಿಮನೆಗಳ ಮೇಲೆ ಬಿಳಿ ಗುರುತು ಉಳಿಯುತ್ತಿತ್ತು, ಸುರೇಖಾ ಅದನ್ನು ಬಟ್ಟೆಯಿಂದ ಒರೆಸಬೇಕಾಗುತ್ತಿತ್ತು. ಪೇಟಿ ಅಂದರೆ ಹಾರ್ಮೋನಿಯಂ ಬಾರಿಸುವವರು ಬೆರಳಿಟ್ಟು ಒತ್ತುವ ಪಟ್ಟಿಗೆ ಮನೆ ಅನ್ನುತ್ತಾರೆ. ಸುರೇಖಾ ಪೇಟಿ ಮಾಸ್ತರರ ಮಗಳು; ಪಿಯಾನೊಕ್ಕೂ ಅದೇ ಮಾತನ್ನು ಅಂಟಿಸಿದ್ದಳು.

"ಮತ್ತ ಚಾಕ್‌ಪೀಸ್ ಹಿಡಕೊಂಡು ಬಂದಿ ಏನು? ಹೋಗು, ತಿಕ್ಕಿ ತೊಳಕೊಂಡು ಬಾ."

ಹುಲಗಮ್ಮ ಹಿತ್ತಲ ನಲ್ಲಿಯ ಕಡೆ ನಡೆದಳು. ಹನ್ನೆರಡು ವರ್ಷದ ಹುಡುಗಿ, ಮರಳಿಯ ಸರ್ಕಾರಿ ಶಾಲೆಯಲ್ಲಿ ಏಳನೇ ಇಯತ್ತೆ. ಮಾತು ಕಡಿಮೆ. ಮೊದಲ ಬಸ್ಸಿಗೆ ಗಂಗಾವತಿಗೆ ಬಂದು, ಪಾಠ ಮುಗಿಸಿ, ಹನ್ನೊಂದರ ಬಸ್ಸಿಗೆ ಹಿಂದಿರುಗುತ್ತಿದ್ದಳು. ಹಿಂದಿನ ವರ್ಷ ಸುರೇಖಾ ಆ ಶಾಲೆಗೆ ಕೆಲ ತಿಂಗಳು ಸಂಗೀತ ಕಲಿಸಲು ಹೋಗಿದ್ದಾಗ ಸಿಕ್ಕವಳು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ವಿರೂಪಾಕ್ಷಪ್ಪ ಕೂತಿದ್ದ. ಊರಲ್ಲಿ ಎರಡು ಅಕ್ಕಿ ಗಿರಣಿಗಳ ಧಣಿ. ಪಿಯಾನೊ ಅವನದು. ಮೊಮ್ಮಗಳು ಮಲ್ಲೇಶ್ವರಿಗಾಗಿ ಹೈದರಾಬಾದಿನಿಂದ ಲಾರಿಯಲ್ಲಿ ತರಿಸಿದ್ದ. ತರಿಸಿದ ಮೇಲೆ ನೋಡಿದರೆ ಹಳೆ ಮನೆಯ ಬಾಗಿಲಲ್ಲಿ ಅದು ಹಿಡಿಯಲೇ ಇಲ್ಲ. ಹೊಸ ಮನೆ ಎದ್ದು ನಿಲ್ಲುವ ತನಕ ಟೀಚರ ಹೊರಕೋಣೆಯಲ್ಲಿರಲಿ, ಬೇಕಾದರೆ ಬೇರೆ ಮಕ್ಕಳೂ ಕಲಿಯಲಿ ಎಂದಿದ್ದ. ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದ. ಎರಡು ವರ್ಷದಲ್ಲಿ ಒಂಬತ್ತು ಮಕ್ಕಳಾಗಿದ್ದರು. ಈಗ ಹೊಸ ಮನೆಗೆ ಬಣ್ಣವೂ ಆಗಿತ್ತು.

ಸುರೇಖಾ ಪಿಯಾನೊ ಕಲಿತದ್ದು ಬಳ್ಳಾರಿಯ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಅವಳ ಅಪ್ಪ ಓಬಳೆಪ್ಪ ಮಾಸ್ತರರಿಗೆ ಪ್ರಾರ್ಥನೆಗೆ ಪೇಟಿ ಬಾರಿಸುವ ಕೆಲಸ ಸಿಕ್ಕಿತ್ತು. ಅದಕ್ಕೂ ಮುಂಚೆ ಅವರು ಮೂವತ್ತು ವರ್ಷ ಹಳ್ಳಿ ಹಳ್ಳಿಯ ಬಯಲಾಟಗಳಿಗೆ, ಭಜನೆಗಳಿಗೆ ಕೈಪೇಟಿ ಹೊತ್ತು ತಿರುಗಿದವರು. ಕೈಪೇಟಿಯಲ್ಲಿ ಬಲಗೈ ಹಾಡುತ್ತದೆ, ಎಡಗೈ ಹಿಂದೆ ತಿದಿ ಒತ್ತುತ್ತದೆ. "ಬಲಗೈ ಹೆಸರು ಗಳಿಸ್ತು, ಎಡಗೈ ಜೀವನಾ ಎಲ್ಲಾ ಗಾಳಿ ಹಾಕ್ತು," ಎಂದು ಅವರು ಆ ಕೈಯನ್ನು ತೋರಿಸಿ ನಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಸುರೇಖಾ ಒಂದು ಸಣ್ಣ ಧಾಟಿ ಕಟ್ಟಿದಳು. ಅದರಲ್ಲಿ ಎಡಗೈ ಹಾಡಬೇಕು, ಬಲಗೈ ಅದರ ಬೆನ್ನಿಗೆ ನಿಲ್ಲಬೇಕು. ಪ್ರತಿ ವರ್ಷ ಅಪ್ಪನ ಪುಣ್ಯತಿಥಿಯ ದಿನ ಮನೆಮುಂದೆ ಪೆಂಡಾಲು ಹಾಕಿಸಿ ಮಕ್ಕಳಿಂದ ನುಡಿಸಿಸುತ್ತಿದ್ದಳು. ಆದರೆ ಈ ಧಾಟಿ ಮಾತ್ರ ಯಾವ ಮಗುವಿನ ಕೈಗೂ ಬಂದಿರಲಿಲ್ಲ.

ಬರುವುದಾದರೂ ಹೇಗೆ? ಊರಿನ ಮಕ್ಕಳೆಲ್ಲ ಮೊದಲು ಮಠದಲ್ಲೋ ಶಾಲೆಯಲ್ಲೋ ಪೇಟಿ ಕಲಿತು ಬಂದವರು. ಮಲ್ಲೇಶ್ವರಿಯಂತೂ ಪಿಯಾನೊ ಮುಂದೆ ಕೂತರೂ ಬಲಗೈ ನುಡಿಸತೊಡಗಿದೊಡನೆ ಎಡಗೈ ತಾನಾಗಿ ಮೇಲೆದ್ದು ಇಲ್ಲದ ತಿದಿಯನ್ನು ಒತ್ತುತ್ತಿತ್ತು. ಉಳಿದವರು ನಗುತ್ತಿದ್ದರು, ತಾವೂ ಹಾಗೆ ಮಾಡುತ್ತೇವೆಂಬುದನ್ನು ಮರೆತು. ಹುಲಗಮ್ಮ ಒಬ್ಬಳದೇ ಬೇರೆ. ಮೊದಲ ತಿಂಗಳು ಅವಳು ಬಲಗೈ ಪಾಠವನ್ನೂ ಎಡಗೈಯಿಂದಲೇ ಒಪ್ಪಿಸುತ್ತಿದ್ದಳು. ಎಡಚಿ ಇರಬೇಕು ಎಂದು ಸುರೇಖಾ ಅಂದುಕೊಂಡಿದ್ದಳು. ಆದರೆ ಅವಳು ಬರೆಯುತ್ತಿದ್ದದ್ದು, ಉಣ್ಣುತ್ತಿದ್ದದ್ದು ಬಲಗೈಯಿಂದ. ಆ ಎಡಗೈ ಎಲ್ಲಿಂದ ಬಂತೋ ತಿಳಿಯದೆ, ಸಿಕ್ಕದ್ದನ್ನು ಬಿಡುವುದೇಕೆ ಎಂದು ಅಪ್ಪನ ಧಾಟಿಯನ್ನು ಅವಳಿಗೆ ಕೊಟ್ಟಿದ್ದಳು. ಪುಣ್ಯತಿಥಿಗೆ ಇನ್ನು ಮೂರು ವಾರವಿತ್ತು. ಹುಲಗಮ್ಮ ಅದನ್ನು ಮೊದಲಿಂದ ಕೊನೆಯವರೆಗೆ ತಡವರಿಸದೆ ನುಡಿಸುತ್ತಿದ್ದಳು.

ವಿರೂಪಾಕ್ಷಪ್ಪ ಬಂದಿದ್ದು ಅದೇ ಮಾತಿಗೆ. ಈ ಸಲ ಪುಣ್ಯತಿಥಿಗೆ ತನ್ನ ಬೀಗರು, ಊರ ಹಿರಿಯರು ಬರುತ್ತಾರೆ, ಮಾಸ್ತರರ ಆ ಧಾಟಿಯನ್ನು ಮಲ್ಲೇಶ್ವರಿ ನುಡಿಸಲಿ ಎಂದ. ಅವಳಿಗೆ ಅದು ಬರುವುದಿಲ್ಲ ಎಂದಳು ಸುರೇಖಾ. ಮೂರು ವಾರ ಇದೆಯಲ್ಲ, ಕಲಿಸಿ ಎಂದ ಅವನು. ಹಾಡ್ತಾ ಹಾಡ್ತಾ ರಾಗ ಅಂತಾರೆ ಸಾವ್ಕಾರ್ರೆ, ಹಾಡದೆ ಇದ್ದರೆ ಮೂರು ವರ್ಷವೂ ಸಾಲದು ಎಂದು ಸುರೇಖಾ ಪಿಯಾನೊ ಮೇಲಿದ್ದ ತಾಲೀಮು ಪುಸ್ತಕಗಳನ್ನು ತೋರಿಸಿದಳು. ಒಬ್ಬೊಬ್ಬರಿಗೆ ಒಂದೊಂದು. ದಿನಾ ಮನೆಯಲ್ಲಿ ಒಂದು ತಾಸು ತಾಲೀಮು ಮಾಡಿ, ದೊಡ್ಡವರಿಂದ ಸಹಿ ಹಾಕಿಸಿಕೊಂಡು ಬರಬೇಕು. ಮಲ್ಲೇಶ್ವರಿಯ ಪುಸ್ತಕದಲ್ಲಿ ತಿಂಗಳಿಗೆ ನಾಲ್ಕು ಸಹಿ ಇದ್ದರೆ ಹೆಚ್ಚು, ಅವೂ ಒಂದೇ ದಿನ ಒಂದೇ ಪೆನ್ನಿನಿಂದ ಹಾಕಿದವು. ಹುಲಗಮ್ಮನ ಪುಸ್ತಕದಲ್ಲಿ ಹನ್ನೊಂದು ತಿಂಗಳು ಒಂದು ದಿನವೂ ಖಾಲಿ ಇರಲಿಲ್ಲ. ಓದು ಬರಹ ಬಾರದ ಅವಳ ತಾಯಿ ದಿನಾ ಕುಂಕುಮದಲ್ಲಿ ಹೆಬ್ಬೆಟ್ಟು ಒತ್ತಿದ್ದಳು.

ವಿರೂಪಾಕ್ಷಪ್ಪ ಆ ಕೆಂಪು ಹೆಬ್ಬೆಟ್ಟುಗಳನ್ನು ಒಂದೊಂದಾಗಿ ತಿರುವಿ ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಬದಲು ಕನಿಕರ ಬಂದಂತಿತ್ತು.

"ಟೀಚರ್, ನಮ್ಮ ಗಿರಣಿ ಹಮಾಲ ಈಶಪ್ಪಂದು ಅದ ಓಣಿ. ಆ ಹುಡುಗಿ ಮನ್ಯಾಗ ಪೇಟಿನೂ ಇಲ್ಲ, ಕೀಬೋರ್ಡೂ ಇಲ್ಲ. ದಿನಾ ಒಂದು ತಾಸು ಏನ್ ಬಾರಸ್ತಾಳ, ತಾಟನ? ಇದೆಲ್ಲಾ ಸುಳ್ಳೈತಿ. ನಿಮ್ಮ ಕಣ್ಣಿಗಿ ಮಣ್ಣ ಎರಚ್ಯಾರ."

ಸುರೇಖಾಳ ಮುಖ ಕಪ್ಪಿಟ್ಟಿತು. ಗೋಡೆಯ ಮೇಲೆ ಅವಳೇ ಬಣ್ಣದಲ್ಲಿ ಬರೆದ ನಿಯಮಗಳಲ್ಲಿ ಮೊದಲನೆಯದು ಅದೇ: ಮನೆಯಲ್ಲಿ ಬಾರಿಸಲು ವಾದ್ಯ ಇಲ್ಲದವರಿಗೆ ಪಾಠ ಇಲ್ಲ. ತಾಲೀಮು ಇಲ್ಲದ ಪಾಠ ತೂತು ಕೊಡಕ್ಕೆ ನೀರು ಹೊಯ್ದಂತೆ ಎಂದು ಅವಳ ನಂಬಿಕೆ. ಸೇರಿಸಿಕೊಳ್ಳುವಾಗ ಹುಲಗಮ್ಮನನ್ನೂ ಕೇಳಿದ್ದಳು. ಅವಳು "ಐತ್ರಿ" ಅಂದಿದ್ದಳು. ತಪ್ಪು ಸ್ವರ ಒತ್ತಿದರೆ ಸುರೇಖಾ ನೂರು ಸಲ ಕ್ಷಮಿಸುತ್ತಿದ್ದಳು. ಸುಳ್ಳು ಪುಸ್ತಕ ಮಾತ್ರ ಅವಳಿಗೆ ಆಗದು.

ಕೈ ತೊಳೆದು ಒದ್ದೆ ಬೆರಳುಗಳನ್ನು ಲಂಗಕ್ಕೆ ಒರೆಸುತ್ತಾ ಹುಲಗಮ್ಮ ಒಳಗೆ ಬಂದಳು.

"ಮನ್ಯಾಗ ಬಾರ್ಸಾಕ ಏನೈತಿ ನಿನಗ?" ಸುರೇಖಾ ಕೇಳಿದಳು.

"ಐತ್ರಿ ಮಿಸ್."

"ಅದ, ಏನೈತಿ ಅಂತ ಕೇಳೀನಿ."

ಹುಡುಗಿ ವಿರೂಪಾಕ್ಷಪ್ಪನನ್ನು ನೋಡಿದಳು, ಕುರ್ಚಿಯ ಹಿಂದೆ ನಿಂತಿದ್ದ ಮಲ್ಲೇಶ್ವರಿಯನ್ನು ನೋಡಿದಳು, ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡಳು. ಅಂದು ಸುರೇಖಾ ಅವಳಿಗೆ ಪಾಠ ಹೇಳಲಿಲ್ಲ. ಪುಸ್ತಕ ಸುಳ್ಳಾಗಿದ್ದರೆ ಪುಣ್ಯತಿಥಿಯ ದಿನ ನೀನು ಬಾರಿಸುವಂತಿಲ್ಲ ಎಂದು ಎಲ್ಲರ ಎದುರೇ ಹೇಳಿಬಿಟ್ಟಳು. ಹುಲಗಮ್ಮ ಪುಸ್ತಕವನ್ನು ಎದೆಗವಚಿಕೊಂಡು ಹನ್ನೊಂದರ ಬಸ್ಸಿಗೆ ಕಾಯದೆ ಒಂಬತ್ತಕ್ಕೇ ಹೊರಟುಹೋದಳು. ಪುಸ್ತಕದಿಂದ ಒಂದು ಪೊರಕೆ ಕಡ್ಡಿ ನೆಲಕ್ಕೆ ಬಿತ್ತು. ಸುರೇಖಾ ಅದನ್ನೆತ್ತಿ ಮೂಲೆಗೆ ಎಸೆಯಲು ಹೋದಳು. ಯಾಕೋ ಪಿಯಾನೊದ ಮೇಲೆ ಇಟ್ಟು ನೋಡಿದಳು. ಕಡ್ಡಿಯನ್ನು ಸರಿಯಾಗಿ ಎಂಟು ಬಿಳಿಮನೆಗಳ ಅಗಲಕ್ಕೆ ಮುರಿಯಲಾಗಿತ್ತು. ಒಂದು ಕೂದಲೆಳೆಯೂ ಹೆಚ್ಚು ಕಡಿಮೆ ಇರಲಿಲ್ಲ.

ಎರಡು ದಿನ ಆ ಕಡ್ಡಿ ಅವಳನ್ನು ಬಿಡಲಿಲ್ಲ.

ಬುಧವಾರ ಬೆಳಗಿನ ಮೊದಲ ಬಸ್ಸಿನಲ್ಲಿ ಸುರೇಖಾ ಮರಳಿಯಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಎರಡನೇ ಬೆಳೆಯ ನಾಟಿ ನಡೆದಿತ್ತು. ಕಾಲುವೆ ನೀರು ತುಂಬಿದ ಗದ್ದೆಗಳ ಮೇಲಿಂದ ಥಂಡಿ ಗಾಳಿ ಬೀಸುತ್ತಿತ್ತು. ಬಸ್‌ಸ್ಟಾಂಡಿನ ಚಹಾದಂಗಡಿಯವನು ಹುಲಗಮ್ಮನ ತಾಯಿ, ನಾಟಿಗೆ ಹೋಗುವ ಪಕ್ಕೀರವ್ವನ ಮನೆ ಎಂದೊಡನೆ ದಾರಿ ಹೇಳಿದ. ಸಣ್ಣ ಓಣಿ. ತಗಡಿನ ಮನೆಗಳು. ಮನೆಗಳ ಮುಂದೆ ಒಂದು ಹಾಸುಬಂಡೆಯಷ್ಟು ಜಾಗ, ಅದರಾಚೆ ಗಟಾರ, ಗಟಾರದಾಚೆ ರಸ್ತೆ. ಸುರೇಖಾ ತಿರುವಿನ ಬೇವಿನ ಗಿಡದ ಕೆಳಗೇ ನಿಂತುಬಿಟ್ಟಳು.

ಒಂದು ಕಾಲು ಗಟಾರದ ಈಚೆ, ಇನ್ನೊಂದು ಕಾಲು ಆಚೆ ಊರಿ ಒಬ್ಬ ಹೆಂಗಸು ಬಾಗಿಲಿಗೆ ಮುಖ ಮಾಡಿ ಬಗ್ಗಿ ರಂಗೋಲಿ ಹಾಕುತ್ತಿದ್ದಳು. ಚುಕ್ಕಿ ಇಲ್ಲ, ಬಳ್ಳಿ ಇಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಪೊರಕೆ ಕಡ್ಡಿಯಿಂದ ಅಳೆದು ಅಳೆದು ಗೆರೆ ಎಳೆದಳು. ಬಿಳಿಮನೆಗಳಿಗೆ ರಂಗೋಲಿ ಪುಡಿ ತುಂಬಿದಳು, ಕರಿಮನೆಗಳಿಗೆ ಸಾರಿಸಿದ ನೆಲವನ್ನೇ ಬಿಟ್ಟಳು. ಎರಡು ಕರಿ, ಬಿಡುವು, ಮೂರು ಕರಿ, ಬಿಡುವು. ಎಲ್ಲೂ ಕೈ ತಪ್ಪಲಿಲ್ಲ. ಮುಗಿಯುತ್ತಲೇ ಒಳಗಿಂದ ಹುಲಗಮ್ಮ ಬಂದಳು. ಬಾಗಿಲ ಕಡೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯನ್ನು ರಂಗೋಲಿಯ ಮೇಲಿಟ್ಟಳು.

ಸದ್ದಿಲ್ಲ. ಓಣಿಯಲ್ಲಿ ಯಾರದೋ ಮನೆಯ ಕೋಳಿ, ದೂರದಲ್ಲಿ ಟ್ರ್ಯಾಕ್ಟರು. ಆದರೂ ಆ ಬೆರಳುಗಳ ನಡಿಗೆಯಿಂದಲೇ ಸುರೇಖಾ ಧಾಟಿಯ ಗುರುತು ಹಿಡಿದಳು. ಅಪ್ಪನ ಧಾಟಿ. ಆದರೆ ಏನೋ ಎಡವಟ್ಟಾಗಿತ್ತು. ಸ್ವರ ಏರಬೇಕಾದಲ್ಲಿ ಹುಡುಗಿಯ ಕೈ ಎಡಕ್ಕೆ ಹೋಗುತ್ತಿತ್ತು, ಇಳಿಯಬೇಕಾದಲ್ಲಿ ಬಲಕ್ಕೆ. ಸುರೇಖಾ ಒಂದು ಗಳಿಗೆ ದಿಕ್ಕು ತಪ್ಪಿದವಳಂತೆ ನೋಡಿದಳು, ಆಮೇಲೆ ಅವಳಿಗೆ ಹೊಳೆಯಿತು. ತಾಯಿ ರಸ್ತೆಯ ಕಡೆಯಿಂದ ನೋಡಿ ಬರೆದದ್ದು. ಮಗಳು ಕೂತದ್ದು ಬಾಗಿಲ ಕಡೆ. ಹುಡುಗಿಯ ಪಾಲಿಗೆ ಇಡೀ ಪಿಯಾನೊ ತಿರುಗಾಮುರುಗಾ. ಬಲಗೈಗೆಂದು ಪುಸ್ತಕದಲ್ಲಿ ಬರೆದುಕೊಟ್ಟ ಬೆರಳ ಸಂಖ್ಯೆಗಳು ಆ ಕಡೆಯಿಂದ ಎಡಗೈಗೆ ಮಾತ್ರ ಹೊಂದುತ್ತಿದ್ದವು. ಹನ್ನೊಂದು ತಿಂಗಳು ಆ ಎಡಗೈ ಹಾಡು ಕಲಿತದ್ದು ಹೀಗೆ.

ಎಡಗೈ ಮುಗಿದ ಮೇಲೆ ಹುಲಗಮ್ಮ ಎದ್ದು ಗಟಾರ ದಾಟಿದಳು. ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸರಿಯಾದ ದಿಕ್ಕಿನಿಂದ ಎರಡೂ ಕೈ ಕೂಡಿಸಿ ಮತ್ತೆ ಶುರುಮಾಡಿದಳು. ಹಾಲಿನ ಡಬ್ಬಿ ಕಟ್ಟಿದ ಬೈಕು ಬಂದಾಗ ಸರಿದು ಕೂತಳು, ಹೋದ ಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಸುರೇಖಾಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ನಾಚಿಕೆ ಬಂತು. ಚಾಕ್‌ಪೀಸ್ ಎಂದು ಎಷ್ಟು ಭಾನುವಾರ ಈ ಕೈಗಳನ್ನು ತೊಳೆಸಿದ್ದಳು.

ಅವಳನ್ನು ಮೊದಲು ನೋಡಿದವಳು ಪಕ್ಕೀರವ್ವ. ಸೆರಗು ಬಿಗಿದುಕೊಂಡು ಎದ್ದು ನಿಂತಳು. ಹೆದರಿದಂತೆ ಕಾಣಲಿಲ್ಲ, ಜಗಳಕ್ಕೆ ತಯಾರಾದವಳಂತೆ ಕಂಡಳು.

"ಆಕಿ ಸುಳ್ಳ ಬರದಿಲ್ರಿ ಅಕ್ಕೋರ. ತಾಸಂದ್ರ ತಾಸು. ನಾಟಿ ಟಂಟಂ ಬಂದು ಹಾರನ್ ಹೊಡಿಯೂತನಾ ನಾ ಆಕಿನ್ನ ಏಳಾಕ ಬಿಡಂಗಿಲ್ಲ. ಹೆಬ್ಬೆಟ್ಟ ನಂದ ಐತಿ."

"ಐತಿ ಅಂತ ಹೇಳಿದ್ನಲ್ರಿ ಮಿಸ್," ಅಂದಳು ಹುಲಗಮ್ಮ ಮೆಲ್ಲಗೆ. ಅವಳ ಮುಂದೆ ರಂಗೋಲಿ ಅರ್ಧ ಅಳಿಸಿಹೋಗಿತ್ತು.

ತಿರುವಿ ಬರೆಯಬಹುದಿತ್ತಲ್ಲ ಎಂದು ಸುರೇಖಾ ಕೇಳಿದಳು. ಅವ್ವ ಬಾಗಿಲಿಗೆ ಬೆನ್ನು ಹಾಕಿ ರಂಗೋಲಿ ಹಾಕುವುದಿಲ್ಲ, ಅದು ಅವಳ ನೇಮ ಎಂದಳು ಹುಡುಗಿ. ಅದಕ್ಕೇ ಒಳಗಿಂದ ಎಡಗೈ, ಹೊರಗಿಂದ ಬಲಗೈ. ಪಕ್ಕದ ಮನೆಯ ಮುದುಕಿ ಪಂಪಮ್ಮ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಟೀಚರು ಸಿಕ್ಕರಲ್ಲ ಎಂದು ದೂರಿನ ಗಂಟು ಬಿಚ್ಚಿದಳು. ದಿನಾ ಹೊತ್ತು ಮೂಡುವ ಮುಂಚೆ ಮನೆಮುಂದಿನ ರಂಗೋಲಿಯನ್ನು ಕೈಯಾರೆ ಅಳಿಸುತ್ತಾರೆ, ಇದು ಓಣಿಗೇ ಒಳ್ಳೆಯದಲ್ಲ, ಲಕ್ಷ್ಮಿ ಬರುವ ದಾರಿ ಕೆಡುತ್ತದೆ, ನೀವಾದರೂ ಬುದ್ಧಿ ಹೇಳಿ ಎಂದಳು.

ಪಕ್ಕೀರವ್ವ ರಂಗೋಲಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. "ಬರೂಕಿದ್ರ ನನ್ನ ಮಗಳ ಬೆರಳ ಗುರ್ತು ನೋಡಕೊಂತ ಬರ್ಲಿ ಬೇ. ದಾರಿ ತಪ್ಪಂಗಿಲ್ಲ."

ಕೂಲಿಯವರನ್ನು ಒಯ್ಯುವ ಟಂಟಂ ಆಟೋ ಹಾರನ್ ಹೊಡೆಯಿತು. ಪಕ್ಕೀರವ್ವ ಬುತ್ತಿ ಎತ್ತಿಕೊಂಡು, ಹೋಗುವ ಅವಸರದಲ್ಲೂ ಕುಂಕುಮದಲ್ಲಿ ಹೆಬ್ಬೆಟ್ಟು ಅದ್ದಿ ಪುಸ್ತಕಕ್ಕೆ ಒತ್ತಿದಳು. ಸುರೇಖಾ ಆ ಪುಸ್ತಕ ಇಸಿದುಕೊಂಡು ಹೆಬ್ಬೆಟ್ಟಿನ ಪಕ್ಕ ತನ್ನ ಸಹಿ ಹಾಕಿದಳು. ಗಂಗಾವತಿಗೆ ಬಂದವಳೇ ಅಡುಗೆಮನೆಯ ಚಾಕುವಿನಿಂದ ಗೋಡೆಯ ಮೇಲಿನ ಮೊದಲ ನಿಯಮವನ್ನು ಕೆರೆದು ಹಾಕಿದಳು. ಸುಣ್ಣದ ಜೊತೆ ಒಂದಿಷ್ಟು ಗಾರೆಯೂ ಕಿತ್ತುಬಂತು.

ಸಂಜೆ ಗಿರಣಿಗೆ ಹೋಗಿ ವಿರೂಪಾಕ್ಷಪ್ಪನಿಗೆ ಕಂಡದ್ದನ್ನೆಲ್ಲ ಹೇಳಿದಳು. ಅವನು ಪೂರ್ತಿ ಕೇಳಿದ. ಅವನ ಕಣ್ಣಲ್ಲಿ ಒಂದು ಕ್ಷಣ ಏನೋ ಮೆತ್ತಗಾದದ್ದೂ ನಿಜ. ಆದರೆ ಬೀಗರಿಗೆ ಮಾತು ಕೊಟ್ಟಾಗಿತ್ತು. ಊರಿಗೆಲ್ಲ ಪಿಯಾನೊ ತಂದವನು ತಾನು, ಅದರ ಮುಂದೆ ತನ್ನ ಮೊಮ್ಮಗಳು ಸಣ್ಣ ಮಕ್ಕಳ ಪಾಠ ನುಡಿಸಿ ಎದ್ದು ಬರುವುದು, ಕೂಲಿಯವಳ ಮಗಳು ದೊಡ್ಡದನ್ನು ನುಡಿಸುವುದು ಅವನಿಗೆ ನುಂಗಲಾರದ ತುತ್ತು.

"ರಂಗೋಲಿ ಮ್ಯಾಲ ಬೆರಳಾಡ್ಸೂದಕ್ಕ ತಾಲೀಮು ಅಂತಾರನ್ರಿ?" ಎಂದು ನಕ್ಕ. "ಹಂಗಾದ್ರ ನಾನೂ ಬರೇ ಹೊಟ್ಟು ಬೀಸಿ ಅಕ್ಕಿ ಅಂತ ಮಾರ್ತೀನಿ. ನೋಡ್ರಿ ಟೀಚರ್, ನಮ್ಮ ಮನಿ ತಯಾರಾಗೈತಿ. ಮಲ್ಲೇಶ್ವರಿ ಬಾರ್ಸಿದ್ರ ಪಿಯಾನೊ ನಿಮ್ಮಲ್ಲೇ ಇರ್ಲಿ, ಹತ್ತು ವರ್ಷ ಇರ್ಲಿ. ಇಲ್ಲಂದ್ರ ನನ್ನ ಸಾಮಾನು ನಾ ಒಯ್ತೀನಿ."

ಸುರೇಖಾ ಬಾಗಿಲ ಹೊರಗೆ ನೋಡಿದಳು. ಭತ್ತದ ಧೂಳಿನಲ್ಲಿ ಹಮಾಲರು ಚೀಲ ಹೊರುತ್ತಿದ್ದರು. ಎಂಟು ಮಕ್ಕಳ ಮುಖ ಅವಳ ಕಣ್ಣ ಮುಂದೆ ಬಂತು. ಈ ಊರಿನಲ್ಲಿ ಇನ್ನೊಂದು ಪಿಯಾನೊ ಇಲ್ಲ, ತರಿಸುವ ಶಕ್ತಿ ತನಗಿಲ್ಲ. ಹೂಂ ಅಂದರೆ ಎಲ್ಲ ಉಳಿಯುತ್ತದೆ. ಕಡ್ಡಿ ಹಿಡಿದು ಪಿಯಾನೊ ಅಳೆದ ಹುಡುಗಿಯೊಬ್ಬಳು ಬಿಟ್ಟು.

"ಪಿಯಾನೊ ನಿಮ್ದು ಸಾವ್ಕಾರ್ರ, ಪಾಠ ನಂದು," ಅಂದಳು. "ಅವತ್ತು ಹುಲಗಮ್ಮನ ಬಾರಸ್ತಾಳ. ಮರುದಿನಾ ಟ್ರ್ಯಾಕ್ಟರ್ ಕಳಸ್ರಿ."

ಮುಂದಿನ ಎರಡು ಭಾನುವಾರ ಹುಲಗಮ್ಮ ಕೈ ತೊಳೆಯದೆ ಪಿಯಾನೊ ಮುಂದೆ ಕೂತಳು. ಕೂರು ಎಂದವಳು ಸುರೇಖಾಳೇ. ಮಲ್ಲೇಶ್ವರಿಯೂ ತಪ್ಪದೆ ಬಂದಳು. ಎರಡನೇ ಭಾನುವಾರ ಎಲ್ಲರೂ ಹೋದ ಮೇಲೆ ಹಿಂದುಳಿದು, ಚಪ್ಪಲಿ ಹಾಕಿಕೊಳ್ಳುವ ನೆವದಲ್ಲಿ ಬಗ್ಗಿ, "ನನಗ ಅದು ಬರಂಗಿಲ್ಲ ಅಂತ ತಾತಗ ನಾನೂ ಹೇಳೀನ್ರಿ ಮಿಸ್," ಎಂದಳು. ಆಮೇಲೆ, ಹುಲಗಮ್ಮನ ಮನೆಯಲ್ಲಿ ಪಿಯಾನೊವನ್ನು ನೆಲದ ಮೇಲೆ ಹೇಗೆ ಬರೆಯುತ್ತಾರೆ ಎಂದು ಕೇಳಿದಳು. ಸುರೇಖಾ ಪೊರಕೆ ಕಡ್ಡಿ ತೋರಿಸಿದಳು. ಹುಡುಗಿ ಅದನ್ನು ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟಳು.

ಪುಣ್ಯತಿಥಿಯ ಸಂಜೆ ಪೆಂಡಾಲು ತುಂಬಿತ್ತು. ಹೊರಕೋಣೆಯ ಬಾಗಿಲುಗಳನ್ನು ಕಳಚಿ ಇಟ್ಟಿದ್ದರು, ರಸ್ತೆಯಲ್ಲಿ ಕೂತವರಿಗೂ ಪಿಯಾನೊ ಕಾಣುತ್ತಿತ್ತು. ಮೊದಲ ಸಾಲಿನ ಕುರ್ಚಿಗಳಲ್ಲಿ ವಿರೂಪಾಕ್ಷಪ್ಪ, ಅವನ ಬೀಗರು. ಹಿಂದೆ ಚಾಪೆಯ ಮೇಲೆ ಪಕ್ಕೀರವ್ವ, ನಾಟಿಯಿಂದ ನೇರ ಬಂದವಳು, ಸೀರೆಯಂಚಿನಲ್ಲಿ ಕೆಸರು ಒಣಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ನುಡಿಸಿದರು. ಮಲ್ಲೇಶ್ವರಿ ತನಗೆ ಬರುವ ಸಣ್ಣ ಪಾಠವನ್ನು ನುಡಿಸಿದಳು. ಎಡಗೈ ಎರಡು ಸಲ ಗಾಳಿ ಒತ್ತಲು ಎದ್ದದ್ದನ್ನು ಅವಳೇ ಗಮನಿಸಿ ಕೆಳಗಿಳಿಸಿದಳು. ಕೊನೆಗೆ ಸುರೇಖಾ ಹುಲಗಮ್ಮನ ಹೆಸರು ಕರೆದಳು.

ವಿರೂಪಾಕ್ಷಪ್ಪ ಎದ್ದು ಹೋಗಲಿಲ್ಲ. ಕೈಕಟ್ಟಿ ಕೂತ. ಹುಲಗಮ್ಮನ ಎಡಗೈ ತಳದ ಮನೆಗಳಲ್ಲಿ ಹಾಡತೊಡಗಿದಾಗ ಮೊಬೈಲು ಹಿಡಿದವರು ಮೊಬೈಲು ಇಳಿಸಿದರು. ಗಂಡು ಕಂಠದ ಹಾಡು ಅದು, ದಪ್ಪ, ನಿಧಾನ. ಓಬಳೆಪ್ಪ ಮಾಸ್ತರರ ಪೇಟಿ ಕೇಳಿದ್ದ ಇಬ್ಬರು ಮೂವರು ಮುದುಕರು ತಲೆದೂಗಿದರು. ಹುಡುಗಿ ಎಲ್ಲೂ ಅವಸರ ಮಾಡಲಿಲ್ಲ. ನಡುವೆ ರಸ್ತೆಯಲ್ಲಿ ಒಂದು ಬೈಕು ಹಾರನ್ ಹೊಡೆದಾಗ ಅಭ್ಯಾಸಬಲದಿಂದ ಕೊಂಚ ಪಕ್ಕಕ್ಕೆ ಸರಿದು, ಬಿಟ್ಟಲ್ಲಿಂದ ಎತ್ತಿಕೊಂಡಳು. ಸುರೇಖಾ ಗೋಡೆಗಾತು ನಿಂತಿದ್ದಳು. ಅಪ್ಪನ ಎಡಗೈಗೆ ಇವತ್ತು ಬಿಡುಗಡೆಯಾಯಿತು ಅನ್ನಿಸಿತು, ಅವಳಿಗೆ ಯಾವ ಪಶ್ಚಾತ್ತಾಪವೂ ಉಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ವಿರೂಪಾಕ್ಷಪ್ಪ ಬೀಗರ ಕಡೆ ತಿರುಗಿ ಊಟಕ್ಕೆ ಏಳೋಣವೇ ಎಂದು ಕೇಳಿದ.

ಮರುದಿನ ಹತ್ತು ಗಂಟೆಗೆ ಟ್ರ್ಯಾಕ್ಟರು ಬಂತು. ಈಶಪ್ಪನೂ ಇನ್ನೈದು ಹಮಾಲರೂ ಹಗ್ಗ, ಗೋಣಿಚೀಲ ತಂದಿದ್ದರು. ಎತ್ತುವ ಮುಂಚೆ ಸುರೇಖಾ ಮುಚ್ಚಳ ತೆರೆದು ನೋಡಿದಳು. ಕರಿಮನೆಗಳ ಮೇಲೆ ಬಿಳಿ ಬೆರಳ ಗುರುತುಗಳು ಹಾಗೆಯೇ ಇದ್ದವು. ಒರೆಸುವ ಬಟ್ಟೆ ಕೈಯಲ್ಲಿತ್ತು. ಒರೆಸಲಿಲ್ಲ, ಮುಚ್ಚಳ ಮುಚ್ಚಿದಳು. ಪಿಯಾನೊ ಹೋದ ಮೇಲೆ ಕೋಣೆ ಹಾಳು ಸುರಿಯಿತು. ನೆಲದ ಮೇಲೆ ಅದರ ಕಾಲುಗಳ ಗುರುತು, ಗೋಡೆಯ ಮೇಲೆ ಕೆರೆದ ನಿಯಮದ ಗುರುತು. ಅವಳು ಬಾಗಿಲು ಹಾಕಿಕೊಂಡು ಸಾಕಾಗುವಷ್ಟು ಅತ್ತಳು. ಸಂಜೆ ಮುಖ ತೊಳೆದು, ಭಾನುವಾರ ಪಾಠ ಇದೆ, ಎಲ್ಲರೂ ಬರಬೇಕು ಎಂದು ಎಂಟು ಮನೆಗಳಿಗೆ ಫೋನು ಮಾಡಿದಳು. ವಿರೂಪಾಕ್ಷಪ್ಪನ ಮನೆಗೆ ಮಾಡಲಿಲ್ಲ. ಯಾವುದರ ಮೇಲೆ ಪಾಠ ಎಂದು ಯಾರು ಕೇಳಿದರೂ "ಬರ್ರಿ" ಎಂದಷ್ಟೇ ಹೇಳಿದಳು.

ಭಾನುವಾರ ನಸುಕಿನಲ್ಲಿ ಅವಳು ಮನೆಮುಂದೆ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಹಿಡಿದು ಕೂತಳು. ಇಪ್ಪತ್ತು ವರ್ಷದ ಸಂಗೀತ ಪಾಠದಲ್ಲಿ ಮಕ್ಕಳ ಬೆರಳು ತಿದ್ದಿದ ಕೈಗೆ ಒಂದು ನೇರ ಗೆರೆ ಎಳೆಯಲು ಬರಲಿಲ್ಲ. ಮೂರನೇ ಸಲ ಅಳಿಸುವ ಹೊತ್ತಿಗೆ ಹುಲಗಮ್ಮ ತಾಯಿಯ ಜೊತೆ ಬಸ್ಸಿಳಿದು ಬಂದಳು. ಪಕ್ಕೀರವ್ವ ಸೊಟ್ಟ ಗೆರೆಗಳನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸರೀರಿ ಅಕ್ಕೋರ. ಇದು ನಿಮ್ಮ ಕೈಲೆ ಆಗೂದಲ್ಲ."

ಬಾಗಿಲಿಗೆ ಮುಖ ಮಾಡಿ, ಬಾಗಿಲ ಈ ತುದಿಯಿಂದ ಪಕ್ಕದ ಮನೆಯ ಕಟ್ಟೆಯ ತನಕ ಅವಳು ಮನೆಗಳನ್ನು ಬಿಡಿಸಿದಳು. ಹಾಲು ತರಲು ಹೊರಟವರು ದಾಟಿ ಹೋಗುವುದು ಹೇಗೆಂದು ತಿಳಿಯದೆ ಸುತ್ತು ಹಾಕಿ ಹೋದರು. ಬಿಸಿಲು ಬೀಳುವ ಹೊತ್ತಿಗೆ ಆರು ಮಕ್ಕಳು ಬಂದಿದ್ದರು. ಇಬ್ಬರು ಬರಲಿಲ್ಲ. ಬಂದವರನ್ನು ಸುರೇಖಾ ಬಾಗಿಲ ಕಡೆಯೇ ಸಾಲಾಗಿ ಕೂರಿಸಿದಳು, ಮೊದಲು ಎಡಗೈ ಎಂದಳು. ಹನ್ನೆರಡು ಕೈಗಳಲ್ಲಿ ಆರು ಕೈ ನೆಲದ ಮೇಲೆ ಸದ್ದಿಲ್ಲದೆ ನಡೆಯತೊಡಗಿದವು. ಅವಳು ಅವುಗಳ ಮುಂದೆ ಅಡ್ಡಾಡುತ್ತಾ, ತಪ್ಪಿದ ಬೆರಳಿನ ಹೆಸರು ಹಿಡಿದು ತಿದ್ದುತ್ತಿದ್ದಳು.

ಆಗ ತಿರುವಿನಲ್ಲಿ ಮಲ್ಲೇಶ್ವರಿಯ ಸೈಕಲ್ಲು ಕಾಣಿಸಿತು. ಅದನ್ನು ಗೋಡೆಗೆ ಒರಗಿಸಿ, ಬಂದು ರಂಗೋಲಿಯ ಈಚೆ ನಿಂತಳು. ನಿನಗೆ ಮನೆಯಲ್ಲೇ ಇದೆಯಲ್ಲ ಎಂದಳು ಸುರೇಖಾ. ದನಿ ತುಸು ಬಿರುಸಾಯಿತು. ಹೊಸ ಮನೆಯ ಪಡಸಾಲೆಯಲ್ಲಿಟ್ಟು ತಾತ ಬೀಗ ಹಾಕಿದ್ದಾನೆ, ಮನೆ ನೋಡಲು ಯಾರಾದರೂ ಬಂದಾಗ ಮಾತ್ರ ತೆಗೆಯುತ್ತಾನೆ ಎಂದಳು ಹುಡುಗಿ. ಚೀಲದಿಂದ ತನ್ನ ತಾಲೀಮು ಪುಸ್ತಕ ತೆಗೆದು ಕೊಟ್ಟಳು. ಆರು ದಿನ, ಆರು ಸಾಲು. ಒಂದಕ್ಕೂ ಸಹಿ ಇರಲಿಲ್ಲ.

ಸುರೇಖಾ ಪುಸ್ತಕದಿಂದ ತಲೆ ಎತ್ತಿದಳು.

"ಕೈ ತೋರ್ಸು."

ಮಲ್ಲೇಶ್ವರಿ ಎರಡೂ ಕೈ ಚಾಚಿದಳು. ಬೆರಳ ತುದಿಯ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಎಡಗೈಯಲ್ಲೇ ಹೆಚ್ಚು.

"ತೊಳಕೊಂಡು ಬರ್ಲೇನ್ರಿ ಮಿಸ್?"

"ಬ್ಯಾಡ," ಅಂದಳು ಸುರೇಖಾ. "ಹಂಗ ಕುಂದ್ರು."

ಹುಲಗಮ್ಮ ಕೈ ನಿಲ್ಲಿಸದೆ, ತುಸು ಸರಿದು ಜಾಗ ಮಾಡಿದಳು.